ಸೋಮವಾರದ ಸೆಲ್ಲುಗಳು

ಮೂರು ಸೆಲ್ಲುಗಳ ತಳದಲ್ಲಿ ಒಂದೊಂದು ಕೆಂಪು ಚುಕ್ಕೆ ಇತ್ತು. ಉಗುರಿಗೆ ಹಚ್ಚುವ ಬಣ್ಣವನ್ನು ನಾನೇ ಕಡ್ಡಿಯ ತುದಿಯಿಂದ ಇಟ್ಟಿದ್ದೆ. ಒಂದರ ಚುಕ್ಕೆ ಒಣಗುವ ಮೊದಲೇ ಬದಿಗೆ ಹರಿದಿತ್ತು. ಚುಕ್ಕೆ ಇದ್ದವು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲುಗಳು, ಇಲ್ಲದವು ಅಂಗಡಿಯಲ್ಲಿ ಸಿಗುವ ಸಾದಾ ಸೆಲ್ಲುಗಳು. ಇದನ್ನು ನಾನು ಕಣದಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಸಿ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಅದು ತೊಂಬತ್ತರ ದಶಕದ ಆರಂಭ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಮನೆಗೆ ಬಂದಿದ್ದೆ. ಮನೆ ಲಿಂಗಸುಗೂರಿನಲ್ಲಿ, ಹೊಲ ಮಾತ್ರ ದೂರ, ಸಂತೆಕಲ್ಲೂರು ದಾಟಿ ಮಸ್ಕಿಗೆ ಹೋಗುವ ರಸ್ತೆಯಿಂದ ಒಳಗೆ. ಬಿಳಿಜೋಳದ ರಾಶಿಯ ಕಾಲ ಬಂತೆಂದರೆ ಮನೆಗೆ ಬೀಗ ಹಾಕಿ ಎಲ್ಲರೂ ಕಣಕ್ಕೆ ಹೋಗಿ ಉಳಿಯುತ್ತಿದ್ದೆವು. ಜೋಳದ ದಂಟಿನ ಗುಡಿಸಲು, ಮೂರು ಕಲ್ಲಿನ ಒಲೆ, ಎರಡು ಕೊಡ ನೀರು. ಕಾಳು ಚೀಲ ಸೇರುವವರೆಗೆ ಅಪ್ಪ ಕಣ ಬಿಟ್ಟು ಕದಲುತ್ತಿರಲಿಲ್ಲ. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಆಗಲೇ ತೆನೆಯ ಮೇಲೆ ಟ್ರ್ಯಾಕ್ಟರ್ ಓಡಿಸಿ ತುಳಿಸುತ್ತಿದ್ದರು. ನಮ್ಮದು ಮಳೆ ನಂಬಿದ ಎರೆ ಹೊಲ. ಎತ್ತುಗಳೇ ತುಳಿಯಬೇಕು. ಕರೆಂಟಿನ ಕಂಬ ಡಾಂಬರು ರಸ್ತೆಯ ಪಕ್ಕಕ್ಕೇ ನಿಂತುಬಿಟ್ಟಿತ್ತು.

ಆ ವರ್ಷ ನನಗೆ ಕಣದಲ್ಲಿ ಒಂದು ರೇಡಿಯೊ ಬೇಕಿತ್ತು. ಇಡೀ ದಿನ ಅಲ್ಲ. ಒಂದು ಸೋಮವಾರ ಸಂಜೆ, ಸುದ್ದಿಯ ನಂತರದ ಹತ್ತು ನಿಮಿಷ ಮಾತ್ರ.

ಆ ಹತ್ತು ನಿಮಿಷ ರೇಡಿಯೊದಲ್ಲಿ ನನ್ನ ಭಾಷಣ ಇತ್ತು. ಬರಿಗಣ್ಣಿಗೆ ಕಾಣುವ ನಕ್ಷತ್ರಗಳ ಮೇಲೆ. ರೇಡಿಯೊ ನಿಲಯಕ್ಕೆ ಹೋಗಿ ಓದಿ ರೆಕಾರ್ಡ್ ಮಾಡಿಸಿ ಬಂದು ಕೆಲವು ವಾರಗಳಾಗಿದ್ದವು. ಅದರ ನಡುವಿನ ಭಾಗ ಅಪ್ಪನದು. ಚಿಕ್ಕವಳಿದ್ದಾಗ ಇದೇ ಕಣದಲ್ಲಿ ಅವನ ಕಂಬಳಿಯ ಮೇಲೆ ಮಲಗಿ ನಾನು ಕಲಿತದ್ದು: ಸಾಲಾಗಿ ನಿಂತ ಮೂರು ಚುಕ್ಕೆಗೆ ಅಪ್ಪ ಕೂರಿಗೆ ಎನ್ನುತ್ತಿದ್ದ, ಒಮ್ಮೆಗೆ ಮೂರು ಸಾಲು ಬಿತ್ತುವ ನಮ್ಮ ಮೂರು ತಾಳಿನ ಕೂರಿಗೆಯ ಹಾಗೆ. ಅದು ಎಲ್ಲಿಗೆ ಬಂದರೆ ಎತ್ತಿಗೆ ಮೇವು ಹಾಕಬೇಕು, ಎಲ್ಲಿಗೆ ಇಳಿದರೆ ಮಲಗಬೇಕು ಎಂದು ಹೇಳುತ್ತಿದ್ದ. ವಿಶ್ವವಿದ್ಯಾಲಯದಲ್ಲಿ ನಾನು ಏನು ಓದಿದೆ ಎಂದು ಅಪ್ಪ ಯಾವತ್ತೂ ಕೇಳಿದವನಲ್ಲ. ಫೀಸು ಕಟ್ಟಿದ, ಬಸ್ ಹತ್ತಿಸಿದ, ಅಷ್ಟೇ. ನಾನೂ ಹೇಳಿದವಳಲ್ಲ. ಆ ಸಂಜೆ ಅವನು ತನ್ನ ಕೂರಿಗೆಯ ಮಾತನ್ನು ರೇಡಿಯೊದಲ್ಲಿ ಕೇಳಬೇಕು, ಕೇಳಿದ ಮೇಲೆ ದನಿ ಯಾರದೆಂದು ತಾನಾಗಿಯೇ ಗುರುತು ಹಿಡಿಯಬೇಕು. ನನಗೆ ಬೇಕಾಗಿದ್ದದ್ದು ಇಷ್ಟು.

ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ಹೀಗೇ ಒಂದು ಚಿಕ್ಕ ಭಾಷಣ ಇದೆ ಎಂದು ಬಾಯಿಬಿಟ್ಟಿದ್ದೆ. ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅಂದು ಕಾರ್ಯಕ್ರಮ ಬದಲಾಗಿ ಹೊತ್ತು ಮುಗಿಯುವವರೆಗೆ ಶಹನಾಯಿ ಬಂತು. ಆಮೇಲೆ ಒಂದು ವರ್ಷ ಕಾಕಾ, ಅಂದರೆ ಅಪ್ಪನ ತಮ್ಮ, ನನ್ನನ್ನು ಕಂಡಾಗೆಲ್ಲ, "ಏನವಾ, ಶಹನಾಯಿ ಚೊಲೊ ಊದಿದಿ ಬಿಡು" ಎನ್ನುತ್ತಿದ್ದ.

ಚುಕ್ಕೆ ಇಟ್ಟ ಸೆಲ್ಲುಗಳನ್ನೂ ಅವುಗಳ ಚಾರ್ಜರನ್ನೂ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಕೊಟ್ಟಿದ್ದಳು. ಕಣದಲ್ಲಿ ಅವು ಬಹಳ ಉಪಯೋಗಕ್ಕೆ ಬರುತ್ತವೆ ಎಂದು ನಾನು ಲೆಕ್ಕ ಹಾಕಿದ್ದೆ. ಕರೆಂಟು ಇರುವ ಜಾಗವೇ ಇಲ್ಲ ಎನ್ನುವುದನ್ನು ಆ ಲೆಕ್ಕದಲ್ಲಿ ಸರಿಯಾಗಿ ಸೇರಿಸಿರಲಿಲ್ಲ. ಮೊದಲ ಸಲ ರಸ್ತೆಬದಿಯ ಹಿಟ್ಟಿನ ಗಿರಣಿಯಲ್ಲಿ ಇಟ್ಟು ಬಂದೆ. ಗಿರಣಿಯವ ಜೋಳ ಬೀಸುವುದು ಮುಗಿದ ಕೂಡಲೆ ಮೇನ್ ಸ್ವಿಚ್ ಆರಿಸಿ ಊಟಕ್ಕೆ ಹೋದ. ಎರಡನೆಯ ಸಲ ಕಾಕಾನ ಕೈಯಲ್ಲಿ ಮಸ್ಕಿಗೆ ಕಳಿಸಿದೆ. ಅಲ್ಲಿ ಮದುವೆಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಯಲ್ಲಿ ದೊಡ್ಡ ಬ್ಯಾಟರಿಗಳ ಜೊತೆ ಇವನ್ನೂ ಚಾರ್ಜಿಗೆ ಹಚ್ಚುತ್ತಿದ್ದರು. ಸೆಲ್ಲು ತುಂಬಿಯೇ ಬಂದವು. ಆದರೆ ಕಾಕಾ ದಾರಿಯಲ್ಲಿ ಅವನ್ನು ತನ್ನ ಟಾರ್ಚಿಗೆ ಹಾಕಿಕೊಂಡು, ಎತ್ತಿನ ಮುಂದೆ ಬೆಳಕು ಬಿಟ್ಟುಕೊಂಡೇ ಬಂದಿದ್ದ.

"ಖಾಲಿ ಆಗ್ಯಾವಲ್ಲ ಕಾಕಾ."

"ಮತ್ತ ತುಂಬತಾವ ಅಂತ ನೀನಽ ಹೇಳಿದ್ದಿ. ತುಂಬಿಸು."

ಭಾನುವಾರ ಮುಂಜಾನೆ ಕಾಕಾ ಗೋಣಿಚೀಲ ತರಲು ಬಂಡಿ ಕಟ್ಟಿಕೊಂಡು ಮತ್ತೆ ಮಸ್ಕಿಗೆ ಹೊರಟ. ಸೆಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಚಾರ್ಜರ್ ಜೊತೆ ಕೊಟ್ಟೆ.

"ಬರೋವಾಗ ಬಿಚ್ಚಬ್ಯಾಡ. ಹಾಂಗೇ ತಂದು ನನ್ನ ಕೈಯಾಗ ಕೊಡು."

"ಬಂಗಾರ ಕಟ್ಟೀಯೇನು ಇದರಾಗ?"

ಮಸ್ಕಿ ಅವನ ಹೆಂಡತಿಯ ತವರು. ಅಂದು ಸಂಜೆ ಅವನು ಬರಲಿಲ್ಲ. ಸೆಲ್ಲು ಚೆನ್ನಾಗಿ ತುಂಬಲಿ ಎಂದು ನಾನು ಸಮಾಧಾನದಿಂದಲೇ ಇದ್ದೆ. ಸೋಮವಾರ ಬಿಸಿಲೇರಿದಾಗ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದೆ, ಕಾಕಾ ಎಷ್ಟು ಹೊತ್ತಿಗೆ ಬರಬಹುದು ಎಂದು.

ಅವ್ವ ತಲೆ ಎತ್ತಲಿಲ್ಲ. "ಇವತ್ತು ಹ್ಯಾಂಗ ಬರ್ತಾನ? ಸೋಮವಾರ ಯಾರರ ಎತ್ತಿನ ಹೆಗಲ ಮ್ಯಾಲೆ ನೊಗ ಇಡ್ತಾರೇನ ಬೇ? ನಾಳೆ ಮುಂಜಾನಿ ಬಂಡಿ ಹೂಡ್ತಾನ."

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತು ಹೂಡುವುದಿಲ್ಲ. ಸಾಲಿಗೂ ಇಲ್ಲ, ಬಂಡಿಗೂ ಇಲ್ಲ, ಕಣಕ್ಕೂ ಇಲ್ಲ. ಇದು ಹುಟ್ಟಿದಾಗಿನಿಂದ ನನಗೆ ಗೊತ್ತು. ಆದರೆ ಹಾಸ್ಟೆಲಿನ ವರ್ಷಗಳಲ್ಲಿ ಸೋಮವಾರ ಎಂದರೆ ಪ್ರಯೋಗಶಾಲೆಯ ದಿನವಾಗಿಬಿಟ್ಟಿತ್ತು. ಸೆಲ್ಲಿನ ಒಳಗಿನ ರಸಾಯನ, ಚಾರ್ಜಿಗೆ ಹಿಡಿಯುವ ಹೊತ್ತು, ಎಲ್ಲ ಯೋಚಿಸಿದವಳು ವಾರ ಯಾವುದೆಂದು ಯೋಚಿಸಿರಲಿಲ್ಲ. ತುಂಬಿದ ಮೂರು ಸೆಲ್ಲು ಕಾಕಾನ ಮಾವನ ಮನೆಯಲ್ಲಿ ಗಂಟಿನೊಳಗೆ ಭದ್ರವಾಗಿದ್ದವು. ಈ ಸಲ ಕಾಕಾ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದ.

ಬಸ್ ಹಿಡಿದು ಹೋಗಿ ತರುತ್ತೇನೆ ಎಂದೆ. ಮುಂಜಾನೆಯ ಬಸ್ ಹೋಗಿತ್ತು. ಮುಂದಿನದು ಹಿಡಿದರೆ ಕತ್ತಲಾಗುವ ಮೊದಲು ವಾಪಸು ಬರಲಾಗುತ್ತಿರಲಿಲ್ಲ.

"ಸೆಲ್ ತರಾಕ ಮಸ್ಕಿಗೆ ಹೋಗ್ತಾಳಂತ," ಎಂದು ಅವ್ವ ಒಲೆಗೆ ಹೇಳಿದಳು. "ಯಾರರ ಕೇಳಿದ್ರ ಏನ ಹೇಳ್ಲಿ ನಾ?"

ಆಗ ಸೋಮವಾರದ ಇನ್ನೊಂದು ಮುಖ ಕಂಡಿತು. ಎತ್ತುಗಳಿಗೆ ಕೆಲಸವಿಲ್ಲ ಎಂದರೆ ಕಣದಲ್ಲಿ ಯಾರಿಗೂ ಕೆಲಸವಿಲ್ಲ. ನಮ್ಮ ಸಂಬಳದಾಳು ಎತ್ತುಗಳ ಮೈ ತೊಳೆದು ಕಟ್ಟಿ, ಗುಡಿಸಲಿನ ಗಳಕ್ಕೆ ತೂಗುಹಾಕಿದ್ದ ರೇಡಿಯೊ ತಿರುವಿದ. ಅದರಲ್ಲಿದ್ದದ್ದು ಹಳೆಯ ಸಾದಾ ಸೆಲ್ಲುಗಳು. ಕಾಕಾ ಬರುವಂತಿಲ್ಲ, ಸಂಜೆಗೆ ಇನ್ನು ಅವೇ ನನಗೆ ಗತಿ. ಎಲ್ಲೋ ಕ್ರಿಕೆಟ್ ನಡೆದಿತ್ತು. ಸುತ್ತಲ ಕಣಗಳವರೂ ಬಂದು ನೆರಳಿಗೆ ಕೂತರು.

"ಅಣ್ಣಾ, ಸೆಲ್ ಸವೀತಾವ. ಬಂದ್ ಮಾಡು."

"ತಂಗೆವ್ವಾ, ಹಿಂದಿ ತಿಳಿಯಂಗಿಲ್ಲ ನಮಗ. ಸುಮ್ನ ಗದ್ದಲ ಕೇಳ್ತೀವಿ. ಗದ್ದಲಕ್ಕ ಎಷ್ಟ ಸೆಲ್ ಹತ್ತತೈತಿ?"

ಎಲ್ಲರೂ ನಕ್ಕರು. ಸಂಜೆ ನನಗೆ ಬೇಕು ಎಂದೆ. ಸಂಜೆ ಏನೈತಿ ಎಂದು ಒಬ್ಬ ಕೇಳಿದ. ಏನಿಲ್ಲ ಎಂದೆ. ಏನಿಲ್ಲದ್ದಕ್ಕೆ ಸೆಲ್ ಉಳಿಸುವುದು ಅವರಿಗೂ ಅರ್ಥವಾಗಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಆದರೆ ಆ ಹೊತ್ತಿಗೆ ನನಗೆ ಅವರ ಮೇಲೆ, ಆಟದ ಮೇಲೆ, ಔಟಾಗದೆ ನಿಂತಿದ್ದ ಯಾವನೋ ಆಟಗಾರನ ಮೇಲೆ ಸಿಟ್ಟು ಬಂದಿತ್ತು. ಒಬ್ಬನನ್ನು ಸಂತೆಕಲ್ಲೂರಿಗೆ ಕಳಿಸಿ ಹೊಸ ಸೆಲ್ಲು ತರಿಸಲು ನೋಡಿದೆ. ರಾಶಿಯ ಕಾಲ, ಎಲ್ಲರ ಟಾರ್ಚಿಗೂ ಬೇಕು. ಅಂಗಡಿಯಲ್ಲಿ ದೊಡ್ಡ ಸೆಲ್ಲು ಮುಗಿದಿದ್ದವು. ಅವನು ಗೋಡೆ ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್ಲು ತಂದ. "ಸೆಲ್ಲಽ ಅಲ್ಲೇನ್ರಿ ಇದೂ?" ಎಂದ.

ಆಟ ಮುಗಿಯುವ ಮೊದಲೇ ರೇಡಿಯೊದ ದನಿ ಸಣ್ಣಗಾಯಿತು. ಅವರು ಎದ್ದು ಹೋದರು. ನಾನು ಮೂರು ಸೆಲ್ಲು ತೆಗೆದು, ಅವ್ವ ಮೆಣಸಿನಕಾಯಿ ಹರವಿದ್ದ ಚಾದರದ ತುದಿಯಲ್ಲಿ ಬಿಸಿಲಿಗೆ ಇಟ್ಟೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಶಾಖಕ್ಕೆ ಸಾಯುತ್ತಿರುವ ಸೆಲ್ಲು ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಎಂದರೆ ಎಷ್ಟು ಎಂದು ಹೇಳಬಲ್ಲ ಸೂತ್ರ ನನ್ನ ಬಳಿ ಇರಲಿಲ್ಲ. ಗಂಟೆಗೊಮ್ಮೆ ಹೋಗಿ ಹೊರಳಿಸಿದೆ.

ಹೊತ್ತು ಮುಳುಗಿದ ಮೇಲೆ ಉಳಿದದ್ದು ಅಪ್ಪನ ಟಾರ್ಚು. ಉದ್ದನೆಯ ಮೂರು ಸೆಲ್ಲಿನದು, ಸೆಲ್ಲೂ ಹೊಸವು. ಅಪ್ಪ ಕಣದ ಅಂಚಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಪಕ್ಕದ ಹೊಲದಲ್ಲಿ ಇನ್ನೂ ಕೊಯ್ಯದ ನಮ್ಮ ಕಡಲೆ ಇತ್ತು. ದಿನಾ ಆ ಹೊತ್ತಿಗೆ ಹಳ್ಳದ ಕಡೆಯಿಂದ ಕಾಡುಹಂದಿ ಬರುತ್ತಿದ್ದವು.

"ಅಪ್ಪಾ, ಸ್ವಲ್ಪ ಹೊತ್ತು ಸೆಲ್ ಕೊಡ್ತಿಯಾ? ರೇಡಿಯೊಕ್ಕ."

"ಹಂದಿ ಬರೋ ಹೊತ್ತು ಐತೆಲ್ಲವಾ. ಏನ ಐತಿ ರೇಡಿಯೊದಾಗ?"

ಹೇಳಬಹುದಾಗಿತ್ತು. ಬಾಯಿವರೆಗೆ ಬಂತು ಕೂಡ. "ಒಂದು ಕಾರ್ಯಕ್ರಮ. ನೀನೂ ಕೇಳು," ಎಂದೆ.

ಅಪ್ಪ ನನ್ನ ಮುಖ ನೋಡಿದ. ಟಾರ್ಚಿನ ಹಿಂಬದಿ ತಿರುವಿ ಸೆಲ್ಲುಗಳನ್ನು ನನ್ನ ಅಂಗೈಗೆ ಸುರಿದ. "ಲಗೂನ ಕೊಡು," ಎಂದ. ಖಾಲಿ ಟಾರ್ಚನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ.

ರೇಡಿಯೊ ಗಟ್ಟಿಯಾಗಿ ಮಾತಾಡಿತು. ಸುದ್ದಿ ಬಂತು. ಸುದ್ದಿಯ ನಂತರ ಪೇಟೆ ಧಾರಣೆ ಬಂತು, ಅದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಜೋಳ, ತೊಗರಿ, ಶೇಂಗಾ, ಊರೂರಿನ ದರ. ಅಪ್ಪ ಅದನ್ನು ಕಿವಿಗೊಟ್ಟು ಕೇಳಿ, "ಇದಽ ಏನು? ಚೊಲೊ ಆತು ಬಿಡು," ಎಂದ. ಅಲ್ಲ, ಇನ್ನೂ ಐತಿ, ಕೂಡು ಎಂದೆ. ಅವನು ಏಳಲು ಹೊರಟವನು ಕೂತ. ಉದ್ಘೋಷಕಿ ಭಾಷಣದ ಹೆಸರು ಹೇಳಿದಳು. ಅಷ್ಟರಲ್ಲಿ ಕಡಲೆ ಹೊಲದಿಂದ ಸಂಬಳದಾಳು ಕೂಗಿದ.

"ಗೌಡ್ರೇ, ಹಂದಿ ಹೊಕ್ಕಾವ್ರಿ. ಬ್ಯಾಟ್ರಿ ತರ್ರಿ."

ಅಪ್ಪ ಕೈ ಚಾಚಿದ. ರೇಡಿಯೊದ ಬೆನ್ನು ತೆಗೆದು ನಾನೇ ಸೆಲ್ಲುಗಳನ್ನು ಅವನ ಕೈಗೆ ಹಾಕಿದೆ. ಅವನು ಓಡುತ್ತಲೇ ಟಾರ್ಚಿಗೆ ತುಂಬಿಕೊಂಡ. ಬೆಳಕಿನ ಕೋಲು ಕಡಲೆಯ ಮೇಲೆ ಅತ್ತಿತ್ತ ಹರಿಯುತ್ತ ದೂರವಾಯಿತು.

ಬಿಸಿಲಿಗಿಟ್ಟ ಸೆಲ್ಲುಗಳನ್ನು ಹಾಕಿದೆ. ಅವು ಇನ್ನೂ ಬೆಚ್ಚಗಿದ್ದವು, ಮೆಣಸಿನಕಾಯಿಯ ಘಾಟು ಹತ್ತಿತ್ತು. ರೇಡಿಯೊ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನನ್ನ ದನಿಯಲ್ಲಿ ಮಾತಾಡಿತು. ತೆಳ್ಳಗಿತ್ತು, ಯಾರೋ ಕೊಡದೊಳಗೆ ಕೂತು ಹೇಳಿದ ಹಾಗೆ. ಅವ್ವ ಸಾರು ಕಲಕುವುದನ್ನು ನಿಲ್ಲಿಸಿದಳು. ರೇಡಿಯೊ ನೋಡಿದಳು, ನನ್ನನ್ನು ನೋಡಿದಳು.

"ನೀನಽ?"

ಹೂಂ ಎಂದೆ.

"ನಿಮ್ಮಪ್ಪನ್ನ ಕರೀಲೇನು?"

ಬೇಡ ಎಂದೆ. ಹಂದಿ ಬಿಟ್ಟು ಬಾ ಎಂದು ಯಾರನ್ನು ಕರೆಯುವುದು? ರೇಡಿಯೊದ ಒಳಗಿನ ನಾನು ದಕ್ಷಿಣದ ಆಕಾಶಕ್ಕೆ ಬಂದಿದ್ದೆ. ಮೂರು ನಕ್ಷತ್ರಗಳ ಸಾಲಿನ ಹೆಸರನ್ನು ಪುಸ್ತಕದಲ್ಲಿರುವಂತೆ ಹೇಳಿದೆ. "ನಮ್ಮ ಹೊಲದಲ್ಲಿ ಇದಕ್ಕೆ" ಎಂದದ್ದು ಕೇಳಿತು. ಅಲ್ಲಿಗೆ ದನಿ ಕುಸಿದು, ಕರಕರ ಅಂದು, ನಿಂತಿತು. ಸೆಲ್ಲು ತೆಗೆದು ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕಿದೆ. ಅದಲುಬದಲು ಮಾಡಿ ಹಾಕಿದೆ. ಏನೂ ಇಲ್ಲ.

ಅವ್ವ ಸಾರಿನ ಗಡಿಗೆ ಒಲೆಯಿಂದ ಇಳಿಸಿದಳು. ಆಮೇಲೆ, "ಮೊದಲಽ ಹೇಳಿದ್ರ ಆ ರೇಡಿಯೊ ಯಾರು ಮುಟ್ಟತಿದ್ರು? ನಾ ನನ್ನ ಮಗ್ಗಲದಾಗ ಇಟಗೊಂಡು ಕುಂದರತಿದ್ದೆ," ಎಂದಳು. ಅದು ನನಗೂ ಹೊಳೆಯದ ಮಾತಲ್ಲ. ಅಪ್ಪನಿಗೆ ಹೇಳಬೇಡ ಎಂದೆ. ಅವಳು ಊಟಕ್ಕೆ ತಾಟು ಹಚ್ಚಿದಳು.

ಅಪ್ಪ ಬಂದಾಗ ಅವನ ಧೋತರಕ್ಕೆ ಮುಳ್ಳು ಹತ್ತಿದ್ದವು. ಉಣ್ಣುವಾಗ, "ಮುಗೀತೇನವಾ ನಿನ್ನ ಕಾರ್ಯಕ್ರಮ?" ಎಂದು ಕೇಳಿದ. ಮುಗಿಯಿತು ಎಂದೆ. ಅವನ ಬೆನ್ನ ಹಿಂದೆ ಮೂರು ಚುಕ್ಕೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅವನು ತಿರುಗಿ ನೋಡಲಿಲ್ಲ.

ಮರುದಿನ ಮುಂಜಾನೆ ಗಾಳಿ ಚೆನ್ನಾಗಿತ್ತು. ಅಪ್ಪ ಮೂರು ಕಾಲಿನ ಎತ್ತರದ ಹಲಗೆ ಹತ್ತಿ ತೂರಲು ನಿಂತ. ಕೆಳಗಿನಿಂದ ಬುಟ್ಟಿ ತುಂಬಿ ಎತ್ತಿಕೊಡುವ ಕೆಲಸ ಅವ್ವನದು. ಅಂದು ಅವಳು ಸೊಂಟ ನೋವು ಎಂದಳು. ನಾನು ಸೆರಗು ಕಟ್ಟಿ ಹೋದೆ. ನಡುವೆ ಕಾಕಾನ ಬಂಡಿ ಬಂತು. ಅವನು ಬಂಡಿಯಿಂದ ಇಳಿಯುವ ಮೊದಲೇ ಗಂಟನ್ನು ಮೇಲೆತ್ತಿ ತೋರಿಸಿ, "ಬಿಚ್ಚಿಲ್ಲ ನೋಡವಾ, ನಿನ್ನಾಣಿ," ಎಂದ. ಅಲ್ಲೇ ಇಡು ಎಂದೆ.

ಬುಟ್ಟಿ ಮೇಲೆ ಕೊಡುತ್ತ, ಅಪ್ಪನ ಮುಖ ನೋಡದೆ, ಭಾಷಣವನ್ನು ಮೊದಲ ವಾಕ್ಯದಿಂದ ಹೇಳಲು ಶುರುಮಾಡಿದೆ. ಬಾಯಿಪಾಠವಿತ್ತು. ಅಪ್ಪನ ಕೈ ಒಮ್ಮೆ ನಿಂತಿತು.

"ಏನದು?"

"ನಿನ್ನೆ ಸಂಜೀದು. ನಾ ಹೇಳಿದ್ದು. ರೇಡಿಯೊದಾಗ."

ಗಾಳಿ ಜೋರಾಯಿತು. ಹೊಟ್ಟು ಹಾರಿ ನನ್ನ ಕಣ್ಣಿಗೆ ಬಂತು.

"ಬುಟ್ಟಿ ಕೊಡು," ಎಂದ ಅಪ್ಪ. ಕೈ ಚಾಚಿಕೊಂಡೇ, "ಜೋರಾಗಿ ಹೇಳು. ಗಾಳ್ಯಾಗ ಕೇಳಸಂಗಿಲ್ಲ," ಎಂದ.

ನಾನು ಬುಟ್ಟಿ ತುಂಬಿ ಕೊಟ್ಟೆ, ದನಿ ಏರಿಸಿ ಮತ್ತೆ ಮೊದಲಿನಿಂದ ಹೇಳಿದೆ.