ಅಕ್ಕನ ಬಾಡಿಗೆದಾರರಿಗೆ ಶಿಕ್ಷೆಯಾದ ದಿನ

ಹರಿಹರದಲ್ಲಿ ನನ್ನ ಅಕ್ಕನ ಮನೆಯ ಕೆಳಗಿನ ಭಾಗವನ್ನು ನಾಲ್ವರು ಬಾಡಿಗೆಗೆ ಹಿಡಿದಿದ್ದರು. ಫಿನಾಯಿಲ್ ಮಾಡುತ್ತೇವೆ ಎಂದಿದ್ದರು. ಮರ್ಯಾದಸ್ಥರಂತೆಯೇ ಕಾಣುತ್ತಿದ್ದರು, ಯುಗಾದಿಗೆ ಅಕ್ಕ ಹೋಳಿಗೆ ಕೊಟ್ಟರೆ ಡಬ್ಬಿ ತೊಳೆದು ತಂದಿಟ್ಟಿದ್ದರು. ಆದರೆ ಕಿಟಕಿಗಳಿಗೆಲ್ಲ ಒಳಗಿನಿಂದ ರಟ್ಟು ಬಡಿದು, ಹಗಲೆಲ್ಲ ಮೂಗು ಉರಿಯುವಂಥ ವಾಸನೆ ಬರತೊಡಗಿದಾಗ ಅಕ್ಕ ನನಗೂ ಹೇಳದೆ ಪೊಲೀಸ್ ಠಾಣೆಗೆ ಹೋಗಿ ಬಂದಳು. ಪೊಲೀಸರು ಬಾಗಿಲು ತೆಗೆಸಿದರೆ ಒಳಗೆ ಮತ್ತಿನ ಮಾತ್ರೆ ತಯಾರಾಗುತ್ತಿತ್ತು.

ದಾವಣಗೆರೆಯ ಕೋರ್ಟಿನಲ್ಲಿ ಅಕ್ಕ ಸಾಕ್ಷಿ ಹೇಳಬೇಕಾಯಿತು. ಹಿಂದಿನ ದಿನವೇ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಬಂದು, ಯಾವ ಸೀರೆ ಉಡಲಿ ಎಂದು ನನ್ನ ಹೆಂಡತಿಯ ತಲೆ ತಿಂದಳು. ಹೆದರಿದ್ದವನು ನಾನು. ಆರೋಪಿಗಳ ವಕೀಲರು, ನೀರಿನ ಜಗಳದ ಸಿಟ್ಟಿಗೆ ಸುಳ್ಳು ದೂರು ಕೊಟ್ಟಿದ್ದೀರಿ ಎಂದರು.

"ಜಗಳ ಇದ್ದಿದ್ರೆ ಹೋಳಿಗೆ ಯಾಕ ಕೊಡ್ತಿದ್ದೆ ರೀ? ತುಪ್ಪನೂ ಹಾಕಿದ್ದೆ," ಎಂದಳು ಅಕ್ಕ. ನ್ಯಾಯಾಧೀಶರು ತಲೆ ತಗ್ಗಿಸಿ ನಗು ನುಂಗಿಕೊಂಡರು.

ತೀರ್ಪಿನ ದಿನ ಅವಳು ಬರಬೇಕೆಂದೇನೂ ಇರಲಿಲ್ಲ. ಹಟ ಹಿಡಿದು ಬಂದಳು. ನಾಲ್ವರೂ ತಪ್ಪಿತಸ್ಥರೆಂದ ಮೇಲೆ ನ್ಯಾಯಾಧೀಶರು, ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮಾತ್ರೆ ತಯಾರಿಸುತ್ತಿದ್ದವನು ಆರೋಗ್ಯ ಸರಿಯಿಲ್ಲವೆಂದ. ಊರೂರಿಗೆ ಹಂಚುತ್ತಿದ್ದ ಇಬ್ಬರು ಶಿಕ್ಷೆ ಕಡಿಮೆ ಮಾಡಿ ಎಂದು ಕೈ ಮುಗಿದರು. ವ್ಯಾನ್ ಓಡಿಸುತ್ತಿದ್ದವನು ಮಾತ್ರ ಅಕ್ಕನ ಕಡೆ ತಿರುಗಿ ನೋಡಿ, "ತಪ್ಪಾತ್ರಿ," ಎಂದ. ಮೂವರಿಗೆ ಹತ್ತು ವರ್ಷದ ಕಠಿಣ ಶಿಕ್ಷೆ. ವ್ಯಾನಿನಲ್ಲಿ ಸಿಕ್ಕ ಮಾಲು ಸ್ವಲ್ಪವೇ ಆದ್ದರಿಂದ ಅದನ್ನು ಓಡಿಸುತ್ತಿದ್ದವನಿಗೆ ಕಡಿಮೆ.

ಹೊರಗೆ ಬಂದಾಗ ಅಕ್ಕನ ಕಣ್ಣು ಒದ್ದೆಯಾಗಿತ್ತು. "ಪಾಪ ಅನಿಸ್ತೈತೆ ತಮ್ಮಾ. ಆದ್ರೆ ಕಾಲೇಜ್ ಹುಡುಗ್ರಿಗೆ ಮಾರ್ತಿದ್ರಲ್ಲ, ಸುಮ್ನೆ ಬಿಡಾಕ ಆಗ್ತಿರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು, ಹಸಿವಾಗಿದೆ ಎಂದಳು. ರಸ್ತೆ ಬದಿಯಲ್ಲಿ ಮಂಡಕ್ಕಿ-ಮಿರ್ಚಿ ತಿಂದೆವು. ಇನ್ನೊಂದು ಮಿರ್ಚಿ ಅವಳೇ ಕೇಳಿ ಹಾಕಿಸಿಕೊಂಡಳು.

ಆ ಮನೆಗೆ 'ಗುಳಿಗಿ ಮನಿ' ಎಂದು ಹೆಸರು ಬಿದ್ದು ಬಹಳ ಕಾಲ ಬಾಡಿಗೆಗೆ ಯಾರೂ ಬರಲಿಲ್ಲ. ಈಗ ಭರತನಾಟ್ಯದ ಟೀಚರೊಬ್ಬರು ಬಂದಿದ್ದಾರೆ. ಮಕ್ಕಳು ಕುಣಿಯುವ ಸದ್ದಿಗೆ ಮಧ್ಯಾಹ್ನದ ನಿದ್ದೆಯೇ ಇಲ್ಲ ಎಂದು ಅಕ್ಕ ಫೋನಿನಲ್ಲಿ ದೂರುತ್ತಾಳೆ. ಹಾಗಾದರೆ ಮನೆ ಬಿಡಿಸಿಬಿಡು ಎಂದೆ ಒಮ್ಮೆ. "ಬ್ಯಾಡ ಬ್ಯಾಡ, ನಾನೂ ಕ್ಲಾಸಿಗೆ ಸೇರ್ಕೊಂಡೀನಿ," ಎಂದಳು.