ಕಟ್ಟಿನ ಮೇಲೆ ಒಬ್ಬನೇ ಕೂರುವ ರಟ್ಟಣ್ಣ

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ರದ್ದಿ ಪೇಪರ್ ಅಂಗಡಿಯ ಷಟರ್ ಏಳುವ ಸದ್ದಿಗೆ ಬೀದಿ ನಾಯಿಗಳೇನು, ಸತ್ತವರೂ ಎದ್ದು ಕೂರಬೇಕು. ಒಳಗೆ ರಟ್ಟಿನ ರಾಶಿ ಸೂರು ಮುಟ್ಟಿದೆ. ಹತ್ತಿ ನಿಂತರೆ ಚಂದ್ರನ ಕೆನ್ನೆ ಸವರಬಹುದು. ರಾಶಿಯ ಬುಡದಲ್ಲಿ ಹಿಡಿಯಷ್ಟು ಮನುಷ್ಯನೊಬ್ಬ ಪೆಟ್ಟಿಗೆಗಳ ಟೇಪು ಕಿತ್ತು, ಚಪ್ಪಟೆ ಮಾಡಿ, ಒಂದರ ಮೇಲೊಂದು ಪೇರಿಸುತ್ತಿದ್ದಾನೆ. ಬೀದಿಗೆಲ್ಲ ಅವನು ರಟ್ಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ.

ರಟ್ಟು ಕಟ್ಟುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಕೂತು ಅದುಮಬೇಕು, ಇನ್ನೊಬ್ಬರು ಹುರಿ ಎಳೆದು ಬಿಗಿಯಬೇಕು. ಹೆಂಡತಿ ಇದ್ದಾಗ ಕೂರುವ ಕೆಲಸ ಅವಳದು. ಆಕೆ ಕೂತಳೆಂದರೆ ಬೆಟ್ಟವೂ ಹಲಗೆಯಾಗುತ್ತಿತ್ತು. ಆಕೆ ತೀರಿಕೊಂಡ ಮೇಲೆ ಇವನೇ ಮೇಲೆ ಕೂತು, ಕಾಲ ಸಂದಿಯಿಂದ ಹುರಿ ಎಳೆದು, ಬಗ್ಗಿ ಗಂಟು ಹಾಕುತ್ತಾನೆ. ಹೋದ ಚಳಿಗಾಲದಲ್ಲಿ ಒಮ್ಮೆ ರಟ್ಟಿನ ಜೊತೆಗೆ ತನ್ನ ಕಾಲನ್ನೂ ಸೇರಿಸಿ ಬಿಗಿದುಬಿಟ್ಟ. ಕತ್ತರಿ ಕೈಗೆಟುಕದಷ್ಟು ದೂರ. ಮಧ್ಯಾಹ್ನ ಲೋಡು ಒಯ್ಯಲು ಬಂದ ಡ್ರೈವರ್, ಹೀಗೇ ಎತ್ತಿ ತೂಕಕ್ಕೆ ಹಾಕಲೇ ಎಂದು ಕೇಳಿದನಂತೆ.

"ಕೂಗಬಹುದಿತ್ತು," ಎನ್ನುತ್ತಾನೆ ರಟ್ಟಣ್ಣ. "ಯಾರ ಹೆಸರು ಹಿಡಿದು ಕೂಗೋದು ಅಂತ ಹೊಳೀಲಿಲ್ಲ."

ಒಬ್ಬ ಆಳು ಇಟ್ಟುಕೊಳ್ಳಬಾರದೇ ಎಂದರೆ ಅಲ್ಲಿಯೇ ಇರುವುದು ತೊಡಕು. ಸಣ್ಣ ರದ್ದಿ ಅಂಗಡಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಇದೆ. ಕಾಗದ, ರಟ್ಟು ಬಿಟ್ಟು ಬೇರೇನೂ ಕೊಳ್ಳಬಾರದು. ಗಂಡ ಹೆಂಡತಿ ಬಿಟ್ಟು ಬೇರೆ ಯಾರೂ ದುಡಿಯಬಾರದು. ಹೊರಗಿನ ಕೈ ಬಿತ್ತೋ, ಲೈಸೆನ್ಸ್ ಮಾಡಿಸಬೇಕು. ಲೈಸೆನ್ಸ್ ಇರುವ ಗೋದಾಮಿನಲ್ಲಿ ಯಾರೂ ವಾಸ ಇರುವಂತಿಲ್ಲ. ರಟ್ಟಣ್ಣನ ಹಾಸಿಗೆ, ಒಲೆ, ಹೆಂಡತಿಯ ಕನ್ನಡಿ ಎಲ್ಲವೂ ಇರುವುದು ರಾಶಿಯ ಹಿಂದಿನ ಕೋಣೆಯಲ್ಲಿ. ಅವನಿಗೆ ಬೇರೆ ಸೂರಿಲ್ಲ.

ತನ್ನ ಮಗಳ ಮನೆಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡಿರುವ ರಟ್ಟಣ್ಣನ ಅಕ್ಕ, ಕಾಲು ಕಟ್ಟಿಕೊಂಡ ಸುದ್ದಿ ಕೇಳಿ, ತಾನೇ ಬಂದು ಕಟ್ಟಿನ ಮೇಲೆ ಕೂರುತ್ತೇನೆ ಎಂದಳು. ತಮ್ಮ ಹಿಗ್ಗಿ ಹೀರೇಕಾಯಿಯಾದ. ಆದರೆ ಕದ್ದು ಮಾಡುವ ಎದೆಗಾರಿಕೆ ಅವನ ಏಳು ತಲೆಮಾರಿಗೂ ಇಲ್ಲ. ನೇರ ಲೈಸೆನ್ಸ್ ಕೊಡುವ ಆಫೀಸಿಗೆ ಹೋಗಿ ವಿಚಾರಿಸಿದ. ಹೆಂಡತಿಯಾದರೆ ಸರಿ, ಅಕ್ಕನಿಗೆ ವಿನಾಯಿತಿ ಇಲ್ಲ, ಬೇಕಾದರೆ ಇನ್ನೊಂದು ಮದುವೆ ಮಾಡಿಕೊಳ್ಳಿ ಎಂದು ಸಾಹೇಬರು ನಕ್ಕರು. ಬಾಯಲ್ಲಿ ಹಲ್ಲು ಹುಡುಕಬೇಕಾದ ವಯಸ್ಸಿನವನು ಕಿವಿಯವರೆಗೂ ಕೆಂಪಾದ.

"ಬರೀ ಕೂತಿರಬಹುದಾ ಅಂತ ಕೇಳ್ದೆ," ಎನ್ನುತ್ತಾನೆ. "ಹೊಸಿಲಿನಾಚೆ ಕೂರಲಿ, ಕೈ ಹಾಕಬಾರದು ಅಂದ್ರು."

ಹಾಗಾಗಿ ಅಕ್ಕ ಈಗ ಬೆಳಗಿನ ಬಸ್ಸಿಗೆ ಬಂದು, ಹೊಸಿಲಿನಾಚೆ ಬೀದಿಯಲ್ಲಿ ಸ್ಟೂಲು ಹಾಕಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾಳೆ. ಬಾಯಿಗೆ ವಿನಾಯಿತಿ ಉಂಟೋ ಇಲ್ಲವೋ, ಯಾರೂ ಕೇಳಿಲ್ಲ.

"ಎಳಿಯೋ ಕತ್ತೆ, ನಿನ್ನ ಹೆಂಡ್ತಿ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ಲು."

"ಅವಳು ಯಾವತ್ತು ನಕ್ಕಿಲ್ಲ ಹೇಳು."

ಹುರಿ ಎಳೆಯುತ್ತಾ ರಟ್ಟಣ್ಣ ಕಟ್ಟಿನಿಂದ ಜಾರುತ್ತಾನೆ. ಅಕ್ಕನ ಕೈ ತಾನಾಗಿ ಮುಂದೆ ಚಾಚುತ್ತದೆ. ಅವನು ಬೇಡವೆಂದು ತಲೆಯಾಡಿಸುತ್ತಾನೆ. ಕೈ ಮತ್ತೆ ಕಂಕುಳು ಸೇರುತ್ತದೆ.

ಸಂಜೆ ಅಕ್ಕನನ್ನು ಬಸ್ಸು ಹತ್ತಿಸಿ ಬಂದವನು ರಟ್ಟಿನ ನಡುವೆ ನಿಲ್ಲುತ್ತಾನೆ. ಅಂಗಡಿ ಒಮ್ಮೆಲೇ ಮೈದಾನದಷ್ಟು ದೊಡ್ಡದಾಗಿ ಕಾಣುತ್ತದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಹಳ ಯೋಚಿಸಿ ಹೇಳುತ್ತಾನೆ:

"ಅಕ್ಕ ಏನೂ ಮುಟ್ಟೋದು ಬೇಡ. ಸ್ಟೂಲು ಹೊಸಿಲಿನಿಂದ ಈಚೆ ಹಾಕ್ಕೊಳಕ್ಕೆ ಸಾಹೇಬ್ರು ಒಪ್ಪಿದ್ರೆ ಸಾಕು. ಮಳೆ ಬಂದ ದಿನ ಅಕ್ಕ ಬರಲ್ಲ."