ಅರ್ಧ ತಲೆ, ಪೂರ್ತಿ ಹಾಡು

ಎದುರುಮನೆಯ ಕ್ಷೌರಿಕನ ಸಂಸಾರ ಹಾಳಾಗಿದೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದವನು ಸ್ವಲ್ಪ ಹೊತ್ತಿಗೇ ಹೊರಬಿದ್ದು, ಮರದ ಕೆಳಗೆ ನಿಂತಿದ್ದ ತನ್ನ ಹಳೆಯ ಕಾರಿನೊಳಗೆ ಕೂರುತ್ತಿದ್ದ. ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಗಾಜು ಏರಿಸಿಕೊಂಡು, ಸ್ಟಿಯರಿಂಗಿಗೆ ಹಣೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದು, ತಲೆ ಅಲ್ಲಾಡಿಸುತ್ತ ಮತ್ತೆ ಮನೆಯೊಳಗೆ ಹೋಗುವುದು. ಇನ್ನಷ್ಟು ಹೊತ್ತಿಗೆ ಮತ್ತೆ ಬರುವುದು. ಮನೆಯಲ್ಲಿರಲಾರದ, ಬಿಟ್ಟುಹೋಗಲೂ ಆಗದ ಗಂಡಸು ಇನ್ನು ಹೇಗಿರುತ್ತಾನೆ? ಪತ್ರಿಕೆಗಳಿಗೆ ಹಾಸ್ಯ ಬರೆದು ಮನುಷ್ಯಸ್ವಭಾವವನ್ನು ಅರೆದು ಕುಡಿದವನು ನಾನು. ಬಾಲ್ಕನಿಯಲ್ಲಿ ನಿಂತೇ ಕಾಯಿಲೆ ಗುರುತಿಸಿದೆ.

ತಿಂಗಳಿಗೊಮ್ಮೆ ಅವನ ಕುರ್ಚಿಯಲ್ಲಿ ಕೂರುತ್ತಿದ್ದೆನಾದರೂ ಅಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ ಆದ್ದರಿಂದ ಅವನ ಬಗ್ಗೆ ನನಗೇನೂ ತಿಳಿದಿರಲಿಲ್ಲ. ಒಂದು ಸಂಜೆ ಇಳಿದುಹೋಗಿ ಕಾರಿನ ಗಾಜು ತಟ್ಟಿದೆ. ಹೊಂದಾಣಿಕೆಯ ಮಹತ್ವ, ಸಿಟ್ಟು ಬಂದಾಗ ನೀರು ಕುಡಿಯುವುದು, ಹೆಂಡತಿಯ ಮಾತಿಗೆ ಒಂದು ಕಿವಿ ಕೊಟ್ಟು ಇನ್ನೊಂದನ್ನು ಕಾಪಾಡಿಕೊಳ್ಳುವುದು, ಎಲ್ಲ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿದ. ಕ್ಷೌರಿಕರಿಗೆ ಅದು ಅಭ್ಯಾಸ.

"ನಂಗೆ ಮದುವೇನೇ ಆಗಿಲ್ಲ ಸಾರ್," ಎಂದ. "ಬಂದಿದ್ದೀರಲ್ಲ, ಈ ಕಡೆ ಕೂತ್ಕೊಳ್ಳಿ. ಈ ಹಾಡಲ್ಲಿ ಬಾಸ್ ಜಾಸ್ತಿ ಆಯ್ತಾ ಹೇಳಿ."

ಬೀದಿಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಮನೆಯ ಹಿಂದಿನ ಕೋಣೆಯಲ್ಲಿ ಅವನು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ. ಸದ್ದು ಗೋಡೆಗೆ ಬಡಿದು ವಾಪಸು ಬರದಿರಲೆಂದು ಸುತ್ತಲೂ ಹಳೆಯ ರಜಾಯಿಗಳಿಗೆ ಮೊಳೆ ಹೊಡೆದಿದ್ದ. ಮೇಜಿನ ಮೇಲೆ ಕಂಪ್ಯೂಟರು, ಎರಡು ಸ್ಪೀಕರು, ಒಂದು ಹಲ್ಲುದುರಿದ ಪುಟ್ಟ ಕೀಬೋರ್ಡು. ಬೇರೆ ವಾದ್ಯವಿಲ್ಲ, ವಾದಕನಿಲ್ಲ. ಡ್ರಮ್ಮು, ಬಾಸು ಎಂಬ ತಳದ ಗುಮ್ಮೆನ್ನುವ ಸದ್ದು, ಗಂಟೆಯಂಥದು, ಗಾಳಿಯಂಥದು, ಎಲ್ಲವೂ ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು. ಯಾವ ಸದ್ದು ಎಲ್ಲಿ ಬರಬೇಕು ಎನ್ನುವುದು ಜೋಡಣೆ, ಯಾವುದು ಎಷ್ಟು ಜೋರಿರಬೇಕು ಎನ್ನುವುದು ಮಿಕ್ಸಿಂಗು. ಕೋಣೆಯಲ್ಲಿ ಸೊಗಸಾಗಿದ್ದದ್ದು ಕಾರಿನಲ್ಲಿ ಡಬ್ಬ ಬಡಿದಂತೆ ಕೇಳುತ್ತಿತ್ತಂತೆ. ಆದ್ದರಿಂದ ಕಾರಿಗೆ ಹೋಗಿ ಕೇಳಿ, ಬೇಸತ್ತು, ಒಳಗೆ ಬಂದು ತಿದ್ದುವುದು. ನಾನು ಕಂಡ ದಾಂಪತ್ಯ ಕಲಹ ಇದು.

ಮುಗಿಸಿದ ಹಾಡೊಂದನ್ನು ಕೇಳಿಸು ಎಂದೆ.

"ಮುಗಿಸಿದ್ದಾ?" ಎಂದು ಕತ್ತು ಕೆರೆದುಕೊಂಡ.

ಮುಗಿದದ್ದು ಒಂದೂ ಇರಲಿಲ್ಲ. ಇದ್ದವೆಲ್ಲ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುವ ಚೋಟುದ್ದದ ತುಣುಕುಗಳು. ಒಂದೊಂದಕ್ಕೂ ಆ ದಿನ ಕತ್ತರಿಸಿದ ತಲೆಯೊಂದರ ಹೆಸರು: 'ಗುಂಗುರು', 'ಜೋಡಿ ಸುಳಿ', 'ಬಣ್ಣ ಬಿಟ್ಟದ್ದು'. 'ಉಳಿದಷ್ಟು' ಎಂಬುದೊಂದಿತ್ತು. ಅದು ಯಾರ ತಲೆ ಎಂದು ನಾನು ಕೇಳಲಿಲ್ಲ. ಹಿಂದಿನ ದಿನವೇ ಅಂಗಡಿಗೆ ಹೋಗಿಬಂದಿದ್ದೆ.

ಅಂದಿನಿಂದ ನಾನು ಅವನ ಸಲಹೆಗಾರನಾದೆ. ಯಾರೂ ನೇಮಿಸಲಿಲ್ಲ, ಇಂಥ ಹುದ್ದೆಗಳನ್ನು ನಾವೇ ವಹಿಸಿಕೊಳ್ಳಬೇಕು. ಹೀಗೆ ಒಂದು ಬೆಳಿಗ್ಗೆ ಸಲಹೆ ನಡೆದಿದ್ದಾಗ ಅವನ ಅಕ್ಕ ಒಳಬಂದಳು. ಕೊರಳಲ್ಲಿ ಸೀಟಿ. ಈಜುಕೊಳದಲ್ಲಿ ನಡುವಯಸ್ಸು ದಾಟಿದ ಹೆಂಗಸರಿಗೆ ನೀರಿನೊಳಗಿನ ವ್ಯಾಯಾಮ ಕಲಿಸುವವಳು. ನನ್ನ ಹೆಂಡತಿಯೂ ಮೊಣಕಾಲುನೋವಿನ ಅರ್ಹತೆಯ ಮೇಲೆ ಅಲ್ಲಿ ಪ್ರವೇಶ ಪಡೆದಿದ್ದಳು.

"ಆಯ್ತಾ?"

"ಆಗ್ತಾ ಇದೆ ಅಕ್ಕ. ಮೇಲಿನ ಸದ್ದು ಒಂಚೂರು ಚುಚ್ತಾ ಇದೆ, ಅದನ್ನ..."

"ನಂಗೆ ಚುಚ್ತಾ ಇರೋದು ನೀನು. ಬರೋ ಭಾನುವಾರ ನಮ್ಮ ಪ್ರದರ್ಶನ. ಏಳು ನಿಮಿಷದ ಹಾಡು ಬೇಕು. ಮೊದಲು ನಿಧಾನ, ಮಧ್ಯೆ ಜೋರು, ಕೊನೆಗೆ ತಣ್ಣಗೆ. ಹೋದ ಸಲ ಹೀಗೇ ನಂಬಿಸಿ ಕೈ ಕೊಟ್ಟೆ, ಎಲ್ಲರ ಮುಂದೆ ಚಪ್ಪಾಳೆ ತಟ್ಟಿ ಮಾಡಿಸಿದೆ. ಈ ಸಲಾನೂ ತಟ್ಟಬೇಕಾಗಿ ಬಂದ್ರೆ ನಿನ್ನ ಬೆನ್ನ ಮೇಲೇ ತಟ್ಟೋದು."

"ಈ ಸ್ಪೀಕರ್ ಸರಿಯಿಲ್ಲ ಅಕ್ಕ."

"ಹೂಂ, ಕುಣೀಲಾರದೋಳಿಗೆ ನೆಲ ಡೊಂಕು."

ನಾನು ಗಂಟಲು ಸರಿಮಾಡಿಕೊಂಡೆ. "ನೋಡಿಮ್ಮಾ, ಅಪೂರ್ಣತೆಯಲ್ಲೂ ಒಂದು ಸೌಂದರ್ಯ..."

"ಹಾಡಿಲ್ದೆ ನಿಮ್ಮ ಮನೆಯವರು ನೀರಲ್ಲಿ ಕೈ ಎತ್ಕೊಂಡು ಸುಮ್ನೆ ನಿಂತಿರ್ತಾರಲ್ಲ ಸಾರ್, ಅವರಿಗೆ ಹೇಳಿ ಆ ಸೌಂದರ್ಯಾನ."

ಹೊರಟವಳು ಬಾಗಿಲಲ್ಲಿ ನಿಂತು, ಆ ಹಲ್ಲುದುರಿದ ಕೀಬೋರ್ಡಿನ ಕಡೆ ನೋಡಿದಳು. ತನ್ನ ಮೊದಲ ಸಂಬಳದಲ್ಲಿ ತಮ್ಮನಿಗೆ ಕೊಡಿಸಿದ್ದು. "ನನ್ನ ತಮ್ಮಾನೇ ಮಾಡ್ತಾನೆ ಅಂತ ಎಲ್ಲರಿಗೂ ಹೇಳ್ಬಿಟ್ಟಿದ್ದೀನಿ ಕಣೋ," ಎಂದಳು. ಬೈದಾಗ ಹಲ್ಲುಕಿರಿದಿದ್ದ ಕತ್ತರಿ, ಇದನ್ನು ಕೇಳಿ ಬಿಳಿಚಿಕೊಂಡ.

ಆದರೂ ಆ ವಾರ ನಡೆದದ್ದು ಹಳೆಯದೇ. 'ಉಳಿದಷ್ಟು' ಎಂಬ ಚೋಟುದ್ದದ ತುಣುಕನ್ನೇ ಒರೆಸುವುದು, ಕಾರಿಗೆ ಒಯ್ಯುವುದು, ತಂದು ಮತ್ತೆ ಒರೆಸುವುದು. ಜೋಡಣೆಯೇ ಆಗದ ಹಾಡಿಗೆ ಮಿಕ್ಸಿಂಗು. ಹೊಲಿಯದ ಅಂಗಿಗೆ ಇಸ್ತ್ರಿ ಹಾಕಿದ ಹಾಗೆ. ನನ್ನ ಸಲಹೆಗಳೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹರಿದುಹೋದವು. ನಷ್ಟವಾದದ್ದು ಹೊಳೆಗೋ ಹುಣಸೆಗೋ ಎಂಬುದು ಬೇರೆ ಮಾತು.

ಪ್ರದರ್ಶನದ ಹಿಂದಿನ ದಿನ, ಸಭ್ಯವಾಗಿ ಕಾಣಿಸಿಕೊಳ್ಳೋಣವೆಂದು ಅವನ ಅಂಗಡಿಗೆ ಹೋದೆ. ಅಲ್ಲಿ ಅವನು ಬೇರೆಯೇ ಮನುಷ್ಯ. ಕತ್ತರಿ ಕಚಕಚ ಓಡುತ್ತದೆ, ಬ್ರಷ್ಷು ಎರಡು ಸಲ ಆಡುತ್ತದೆ, ಬಟ್ಟೆ ಕೊಡವಿದನೆಂದರೆ ಮುಗಿಯಿತು. ಇನ್ನೊಮ್ಮೆ ತಿದ್ದುವ ಮಾತಿಲ್ಲ. ನನ್ನ ಎಡಭಾಗ ಮುಗಿದಿತ್ತು. ಇದ್ದಕ್ಕಿದ್ದಂತೆ ಕಚಕಚ ನಿಂತಿತು.

"ಸಾರ್, ನೀವು ಬರುವಾಗ ಕೂದಲು ತಂದಿರ್ತೀರಿ."

"ಕೈಲಾದಷ್ಟು," ಎಂದೆ.

"ನಾನು ತೆಗೀತೀನಿ ಅಷ್ಟೆ. ಬೇಗ ಮುಗಿಯುತ್ತೆ. ಮನೇಲಿ ಕೂತ್ಕೊಂಡು ಹಾಡಿಗೆ ಒಂದೊಂದೇ ಕೂದಲು ನೆಡ್ತಾ ಇದ್ದೀನಲ್ಲ ಸಾರ್!"

ಕತ್ತರಿಯನ್ನು ಅಲ್ಲೇ ಇಟ್ಟು ಓಡಿಹೋದ. ಕನ್ನಡಿಯಲ್ಲಿ ನಾನು, ನನ್ನ ಅರ್ಧ ತಲೆ. ತನ್ನ ಕಸುಬಿನಲ್ಲಿ ಅವನು ನಡುವೆ ಕೈಬಿಟ್ಟ ಮೊದಲ ತಲೆ ನನ್ನದೇ ಎಂದು ಹೆಮ್ಮೆಪಡಲು ಯತ್ನಿಸಿದೆ, ಆಗಲಿಲ್ಲ. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಬೀದಿಯುದ್ದಕ್ಕೂ ನಡೆದುಹೋಗಿ, ಅವನ ಕೋಣೆಯ ಬಾಗಿಲನ್ನು ಎರಡೂ ಕೈಯಲ್ಲಿ ದಬದಬ ಬಡಿದೆ. "ನನ್ನ ತಲೆ ಮುಗಿಸೋ ಮಾರಾಯಾ!"

ಬಾಗಿಲು ತೆರೆಯಿತು. ಪರದೆಯ ತುಂಬ ಬಣ್ಣದ ಪಟ್ಟಿಗಳು. 'ಉಳಿದಷ್ಟು' ತುಣುಕಿನ ಎಲ್ಲ ಸದ್ದುಗಳನ್ನೂ ಏಳು ನಿಮಿಷದುದ್ದಕ್ಕೂ ಹಾಸಿಬಿಟ್ಟಿದ್ದ.

"ಪೂರ್ತಿ ಬೆಳೆಸ್ಬಿಟ್ಟೆ ಸಾರ್. ಈಗ ಕ್ಷೌರ."

ಮೊದಲಿನಿಂದ ಡ್ರಮ್ಮು ತೆಗೆದ, ನಿಧಾನವಾಯಿತು. ಕೊನೆಯಿಂದ ಬಾಸು ತೆಗೆದ, ತಣ್ಣಗಾಯಿತು. ನಡುವಿನ ಪೊದೆಯನ್ನು ಹಾಗೇ ಬಿಟ್ಟ. ಅದಾದ ಮೇಲೆಯೇ ಮಿಕ್ಸಿಂಗು. ಎಲ್ಲ ಸದ್ದನ್ನೂ ಸೊನ್ನೆಗಿಳಿಸಿ, ಪರದೆಗೆ ಅಂಗಡಿಯ ಟವೆಲು ಹೊದಿಸಿದ. "ಕಣ್ಣಿಗೆ ಕಂಡ್ರೆ ಕೈ ಸುಮ್ನಿರಲ್ಲ," ಎಂದ. ನನ್ನ ಹೊಟ್ಟೆಯ ಗುಡುಗುಡು ಕೇಳುವಷ್ಟು ಸಣ್ಣ ಸದ್ದಿನಲ್ಲಿ, ಕೀಬೋರ್ಡಿನ ಗುಂಡಿ ತಿರುಗಿಸುತ್ತ ಮೊದಲು ಡ್ರಮ್ಮನ್ನು ಏರಿಸಿದ, ಅದರಡಿಗೆ ಬಾಸು, ಆಮೇಲೆ ಮಿಕ್ಕವು. ಒಮ್ಮೆ ಕೂತದ್ದನ್ನು ಮತ್ತೆ ಮುಟ್ಟಲಿಲ್ಲ. ಮುಗಿದಾಗ ಅಭ್ಯಾಸಬಲದಿಂದ ಮೇಜಿನ ಮೇಲೆ ಬ್ರಷ್ಷಾಡಿಸಿ, ನನ್ನನ್ನು ಮರೆತು ಕಾರಿಗೆ ಓಡಿದ.

ಮನೆಯಲ್ಲಿ ಹೆಂಡತಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಈ ಕಡೆಯಿಂದ ಸಾಹೇಬರು, ಆ ಕಡೆಯಿಂದ ಜೈಲಿಂದ ತಪ್ಪಿಸ್ಕೊಂಡೋರು. ನಾಳೆ ಟೋಪಿ ಹಾಕ್ಕೊಂಡು ಬನ್ನಿ."

ಟೋಪಿ ಹಾಕಿಕೊಂಡು ಈಜುಕೊಳದ ಮುಂದಿನ ಬೆಂಚಿನಲ್ಲೇ ಕೂತೆ. ಹಾಡು ಶುರುವಾಯಿತು. ನಿಧಾನದಲ್ಲಿ ಕೈಗಳು ಎದ್ದವು, ನೀರು ಅಲುಗಿತು. ಜೋರಾಗಬೇಕಾದ ಹೊತ್ತಿಗೆ ಸರಿಯಾಗಿ, ಸದ್ದೆಲ್ಲ ಫಕ್ಕನೆ ನಿಂತುಹೋಯಿತು. ಹೆಂಗಸರೆಲ್ಲ ಎತ್ತಿದ ಕೈ ಎತ್ತಿದಂತೆಯೇ. ದಡದಲ್ಲಿ ಅಕ್ಕನ ಮುಖ ಕಪ್ಪಿಟ್ಟಿತು; ಚಪ್ಪಾಳೆಗೆಂದು ಅವಳ ಎರಡು ಅಂಗೈಗಳು ಹತ್ತಿರ ಬಂದವು. ಅವು ಕೂಡುವ ಮುಂಚೆ ಡ್ರಮ್ಮು, ಬಾಸು, ಗಂಟೆ, ಗಾಳಿ ಒಟ್ಟಿಗೇ ಧುಮುಕಿದವು. ಅಷ್ಟೂ ಕೈಗಳು ಒಂದೇ ಏಟಿಗೆ ನೀರಿಗೆ ಬಡಿದವು. ಮುಂದಿನ ಬೆಂಚಿನವರೆಲ್ಲ ತೊಯ್ದೆವು. ಹೆಂಗಸರು ಕಿಲಕಿಲ ನಗುತ್ತಲೇ ಕೊನೆಯ ತಣ್ಣನೆಯ ಭಾಗದವರೆಗೂ ಕುಣಿದರು. ನನ್ನ ಹೆಂಡತಿಯ ಮೊಣಕಾಲು ಅಷ್ಟು ಮೇಲೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಮುಗಿದ ಮೇಲೆ ಅಕ್ಕ ಬಂದು, ಹೇಳಿದ ಮಾತಿಗೆ ತಪ್ಪದೆ, ತಮ್ಮನ ಬೆನ್ನಿಗೊಂದು ಬಾರಿಸಿದಳು. ಆಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಸುತ್ತ ಜನ ಸೇರಿತು. ಸಲಹೆಗಾರ ಸುಮ್ಮನಿರುವುದು ಹೇಗೆ? ಒದ್ದೆ ಟೋಪಿ ಹಿಂಡಿಕೊಳ್ಳುತ್ತ, ನಾಲ್ಕು ಜನಕ್ಕೆ ಕೇಳುವಂತೆ ಕೇಳಿದೆ: "ನಡುವೆ ಬಂದ ಆ ಮೌನ ಇದೆಯಲ್ಲ, ಅದರ ಮೂಲಕ ನೀನು ಬದುಕಿನ ಬಗ್ಗೆ ಏನು ಹೇಳಬೇಕೆಂದಿದ್ದೆ?"

"ಅದಾ? ನೀವು ಬಾಗಿಲು ಬಡಿದ್ರಲ್ಲ ಸಾರ್, ಕೈ ಜಾರಿ ಅಲ್ಲಿನ ಅಷ್ಟೂ ಸದ್ದು ಕಟ್ಟಾಯ್ತು. ಸರಿ ಮಾಡೋಕೆ ಹೋಗಿದ್ರೆ ಇನ್ನೂ ಕಾರಲ್ಲೇ ಕೂತಿರ್ತಿದ್ದೆ."